ಗುಂಡಿ ತೆಗೆಯದೆ ನೆಡಬೇಕಾದ ಗಿಡ: ಪರಿಮಳದ ರೋಡೋಡೆಂಡ್ರಾನ್

ಸಂಘದ ಕಳೆದ ವಾರ್ಷಿಕ ಸಭೆಯ ದಿನ, ಲೆಕ್ಕಪತ್ರದ ಚರ್ಚೆಯೆಲ್ಲ ಮುಗಿದು ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಸದಸ್ಯರೊಬ್ಬರು ನಮ್ಮ ಪಕ್ಕಕ್ಕೆ ಬಂದು ಒಂದು ದೂರು ಹೇಳಿಕೊಂಡರು. ಹಿಂದಿನ ಬೇಸಿಗೆಯಲ್ಲಿ ಜೀಪಿನ ತುಂಬ ಹೂಗಿಡ ಹೇರಿಕೊಂಡು ಬಂದಿದ್ದ ವ್ಯಾಪಾರಿಯಿಂದ ಅವರು ಎರಡು ಗಿಡ ಕೊಂಡಿದ್ದರಂತೆ. "ಹಿಮಾಲಯದ ಹೂವು ಸ್ವಾಮಿ, ಅರಳಿತು ಅಂದರೆ ಮನೆಯೆಲ್ಲ ಘಮಘಮ" ಎಂದು ಹೇಳಿ ಗಿಡ ಒಂದಕ್ಕೆ ಎಂಟುನೂರು ರೂಪಾಯಿ ಎಣಿಸಿಕೊಂಡು ಹೋದನಂತೆ. ಇವರು ಮನೆಯ ಮುಂದೆ ಎರಡಡಿ ಆಳದ ಗುಂಡಿ ತೆಗೆಸಿ, ಹದಿನೈದು ದಿನ ಬಿಸಿಲಿಗೆ ಬಿಟ್ಟು, ಕೊಟ್ಟಿಗೆ ಗೊಬ್ಬರ, ಎಲುಬಿನ ಪುಡಿ, ಮೇಲಿಷ್ಟು ಸುಣ್ಣ ಸೇರಿಸಿ, ಕಾಫಿ ಗಿಡಕ್ಕಿಂತ ಮುತುವರ್ಜಿಯಿಂದ ನೆಟ್ಟರು. ಆಗಸ್ಟ್ ತಿಂಗಳ ಹೊತ್ತಿಗೆ ಎರಡೂ ಎಲೆ ಜೋತುಹಾಕಿ ಸತ್ತವು. "ನಾನು ಏನು ಕಡಿಮೆ ಮಾಡಿದೆ ಹೇಳಿ" ಎಂಬುದು ಅವರ ಪ್ರಶ್ನೆ.

ಅವರು ಕಡಿಮೆ ಮಾಡಿದ್ದು ಏನೂ ಇಲ್ಲ, ಮಾಡಿದ್ದೆಲ್ಲ ಹೆಚ್ಚಾಗಿತ್ತು. ಹೀಗೆ ಹೇಳುವುದಕ್ಕೆ ನಮಗೆ ಅಧಿಕಾರವಿದೆ, ಏಕೆಂದರೆ 2016ರಲ್ಲಿ ನಾವೂ ಕಾಲಿಂಪಾಂಗ್ ಕಡೆಯಿಂದ ಇದೇ ಜಾತಿಯ ಮೂರು ಗಿಡಗಳನ್ನು ತರಿಸಿ ಎರಡನ್ನು ಒಂದೇ ಮಳೆಗಾಲದಲ್ಲಿ ಕೊಂದಿದ್ದೇವೆ. ಮೂರನೆಯದು ಬದುಕಿತು. ಅದು ನಮ್ಮ ಜಾಣತನದಿಂದ ಬದುಕಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇವೆ. ಊಟದ ಪಂಕ್ತಿಯಲ್ಲಿ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಮಾಡುವುದು ಈ ಲೇಖನದ ಉದ್ದೇಶ.

ರೋಡೋಡೆಂಡ್ರಾನ್ ಎಂಬುದು ಒಂದೇ ಗಿಡದ ಹೆಸರಲ್ಲ. ಸಾವಿರದ ಹತ್ತಿರ ಜಾತಿಗಳಿರುವ ದೊಡ್ಡ ಬಳಗ ಅದು. ನೇಪಾಳಿ ಮಾತಿನಲ್ಲಿ ಇದಕ್ಕೆ ಗುರಾಂಸ್ ಎನ್ನುತ್ತಾರೆ. ಊಟಿ, ಮುನ್ನಾರ್ ಕಡೆ ಹೋಗಿಬಂದವರು ಎತ್ತರದ ಹುಲ್ಲುಗಾವಲಿನ ಅಂಚಿನಲ್ಲಿ ಸೊಟ್ಟ ಕಾಂಡದ, ರಕ್ತಗೆಂಪು ಹೂಗೊಂಚಲಿನ ಮರವನ್ನು ನೋಡಿರಬಹುದು. ದಕ್ಷಿಣ ಭಾರತದಲ್ಲಿ ತಾನಾಗಿ ಬೆಳೆಯುವ ರೋಡೋಡೆಂಡ್ರಾನ್ ಅದೊಂದೇ. ನೋಡಲು ಚೆಂದ, ಆದರೆ ಮೂಗಿಗೆ ಏನೂ ಇಲ್ಲ. ಕೆಂಪು ಹೂವು ಹಗಲಿನಲ್ಲಿ ಹಕ್ಕಿಗಳನ್ನು ಕರೆಯುತ್ತದೆ. ಹಕ್ಕಿಗೆ ಬಣ್ಣ ಸಾಕು, ವಾಸನೆ ಬೇಡ. ಪರಿಮಳವಿರುವುದು ಇನ್ನೊಂದು ಗುಂಪಿನಲ್ಲಿ. ಅವು ಬಹುಮಟ್ಟಿಗೆ ಬಿಳಿ ಹೂವಿನವು, ಅಗಲ ಬಾಯಿಯ ಗಂಟೆಯಂಥ ದೊಡ್ಡ ಹೂವಿನವು, ಕತ್ತಲಾದ ಮೇಲೂ ವಾಸನೆ ಬೀರಿ ಪತಂಗಗಳನ್ನು ಕರೆಯುವಂಥವು. ಕಾಫಿ ಹೂವಿನ ವಾಸನೆಯಲ್ಲಿ ಹುಟ್ಟಿ ಬೆಳೆದ ನಮಗೆ ಈ ಲೆಕ್ಕ ಹೊಸದಲ್ಲ.

ಈ ಗುಂಪಿನ ತವರು ನಮ್ಮ ದೇಶವೇ. ಖಾಸಿ ಬೆಟ್ಟಗಳಲ್ಲಿ ಬೆಳೆಯುವ ಫಾರ್ಮೋಸಮ್ ಎಂಬ ಜಾತಿಯನ್ನು ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ವಾಲಿಚ್ 1832ರಲ್ಲಿ ಹೆಸರಿಟ್ಟು ವರ್ಣಿಸಿದ. ಡಾರ್ಜಿಲಿಂಗ್ ಮತ್ತು ಸಿಕ್ಕಿಂ ಕಡೆಯ ಜಾತಿಗಳು ಹೊರಗಿನವರಿಗೆ ತಿಳಿದದ್ದು ಜೋಸೆಫ್ ಹೂಕರ್ ಎಂಬ ಸಸ್ಯಶಾಸ್ತ್ರಜ್ಞನಿಂದ. 1848ರಲ್ಲಿ ಆತ ಡಾರ್ಜಿಲಿಂಗಿನ ಪಕ್ಕದ ಟೋಂಗ್ಲು ಬೆಟ್ಟ ಹತ್ತುತ್ತಿರುವಾಗ, ದೊಡ್ಡ ಮರವೊಂದರ ಕೊಂಬೆಯ ಮೇಲೆ ನಿಂಬೆಯ ವಾಸನೆಯ ಬಿಳಿ ಹೂಗಳನ್ನು ಕಂಡ. ಹೂವು ಆ ಮರದ್ದಲ್ಲ, ಮರದ ಮೇಲೆ ಕುಳಿತಿದ್ದ ರೋಡೋಡೆಂಡ್ರಾನಿನದು. ಮರುವರ್ಷ ಸಿಕ್ಕಿಂ ಅರಮನೆಯವರು ಆತನನ್ನು ಕೆಲವು ವಾರ ಸೆರೆಯಲ್ಲಿಟ್ಟದ್ದೂ ಉಂಟು. ಆ ಕಥೆ ಇಲ್ಲಿ ಬೇಡ. ಆತ ಕಳಿಸಿದ ಬೀಜ ಮತ್ತು ಚಿತ್ರಗಳಿಂದ ಇಂಗ್ಲೆಂಡಿನ ತೋಟಗಾರರಿಗೆ ರೋಡೋಡೆಂಡ್ರಾನಿನ ಹುಚ್ಚು ಹಿಡಿಯಿತು. ಆತನೇ ವರ್ಣಿಸಿದ ಎಜ್‌ವರ್ತಿಯೈ ಎಂಬ ಜಾತಿಗೂ ಖಾಸಿ ಬೆಟ್ಟದ ಫಾರ್ಮೋಸಮ್ ಜಾತಿಗೂ ಅಲ್ಲಿನ ಗಾಜಿನ ಮನೆಯೊಂದರಲ್ಲಿ ಸಂಕರ ಮಾಡಿದರು. ಹುಟ್ಟಿದ ಗಿಡಕ್ಕೆ ಫ್ರಾಗ್ರಾಂಟಿಸಿಮಮ್, ಅಂದರೆ ಅತಿ ಪರಿಮಳದ್ದು, ಎಂದು ಹೆಸರಾಯಿತು. 1868ರಲ್ಲಿ ಅಲ್ಲಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಅದಕ್ಕೆ ಪ್ರಥಮ ದರ್ಜೆಯ ಪ್ರಶಸ್ತಿಪತ್ರ ಕೊಟ್ಟಿತು. ತಂದೆ ತಾಯಿ ಇಬ್ಬರೂ ನಮ್ಮವರು, ಹೆರಿಗೆ ಮಾತ್ರ ಪರದೇಶದಲ್ಲಿ. ನಮ್ಮ ಮನೆಯಲ್ಲಿ ಉಳಿದಿರುವುದು ಈ ಗಿಡವೇ.

ಮೊಗ್ಗಿನಲ್ಲಿ ತುಸು ಗುಲಾಬಿ, ಅರಳಿದ ಮೇಲೆ ಬಿಳುಪು, ಗಂಟಲಿನಲ್ಲಿ ಹಳದಿಯ ಛಾಯೆ. ಹೂವು ಅಂಗೈಯಷ್ಟು ಅಗಲ. ಪರಿಮಳದಲ್ಲಿ ಜಾಯಿಕಾಯಿ ತೇಯ್ದಂಥ ಒಂದು ಮಸಾಲೆಯ ಎಳೆ ಇದೆ. ಎಲೆ ವರ್ಷವಿಡೀ ಹಸಿರು. ಆದರೆ ಗಿಡಕ್ಕೆ ಸ್ವಂತ ಆಕಾರವಿಲ್ಲ. ಉದ್ದುದ್ದ ರೆಂಬೆ ಬಿಟ್ಟು ಯಾರ ಮೇಲಾದರೂ ಒರಗಿಕೊಳ್ಳಲು ನೋಡುತ್ತದೆ.

ಈಗ ವಿಷಯಕ್ಕೆ ಬರೋಣ. ಇಂಗ್ಲಿಷ್ ಪುಸ್ತಕಗಳನ್ನು ತೆರೆದರೆ ಈ ಗಿಡದ ಹೆಸರಿನ ಮುಂದೆಯೇ ಸುಕುಮಾರ, ಚಳಿ ತಾಳದು, ಗಾಜಿನ ಮನೆಯಲ್ಲಿಡಿ ಎಂಬ ಮಾತು ಬರುತ್ತದೆ. ಅದು ಅಲ್ಲಿಯ ಮಾತು. ಉಷ್ಣತೆ ಶೂನ್ಯಕ್ಕಿಂತ ಐದಾರು ಡಿಗ್ರಿ ಕೆಳಗಿಳಿದರೆ ಗಿಡ ಸಾಯುತ್ತದೆ, ಆದ್ದರಿಂದ ಅವರಿಗೆ ಆ ಭಯ. ನಮ್ಮಲ್ಲಿ ಡಿಸೆಂಬರಿನ ಚಳಿಗೆ ಕಂಬಳಿ ಹೊದೆಯುತ್ತೇವೆಯೇ ಹೊರತು ಹಿಮ ಕಂಡವರಿಲ್ಲ. ನಮ್ಮಲ್ಲಿ ಇದನ್ನು ಕೊಲ್ಲುವುದು ಚಳಿಯಲ್ಲ, ಬೇರಿನ ಬಳಿ ನಿಂತ ನೀರು. ಅದರ ನಂತರ ಸುಣ್ಣ, ಆಮೇಲೆ ಸೆಕೆ.

ಹಾಗಾದರೆ ಮಳೆ ಹೆಚ್ಚಾದರೆ ಆಗದೆ ಎಂದು ಕೇಳಬಹುದು. ಇದರ ಒಂದು ಪೋಷಕ ಜಾತಿಯ ಊರಾದ ಖಾಸಿ ಬೆಟ್ಟದಲ್ಲೇ ಚಿರಾಪುಂಜಿ ಇದೆ. ಅಲ್ಲಿ ವರ್ಷಕ್ಕೆ ಸರಾಸರಿ ಹತ್ತು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆಗುಂಬೆ, ಭಾಗಮಂಡಲದವರ ಮಳೆ ಅದರ ಮುಂದೆ ದೊಡ್ಡದಲ್ಲ. ಮಳೆ ಬಿದ್ದರೆ ಇದಕ್ಕೆ ಸಂತೋಷವೇ. ಬಿದ್ದ ನೀರು ನಿಲ್ಲಬಾರದು, ಅಷ್ಟೆ.

ಕಾರಣ ಅದರ ಹುಟ್ಟುಗುಣ. ಎಜ್‌ವರ್ತಿಯೈ ಕಾಡಿನಲ್ಲಿ ಬಹುಪಾಲು ನೆಲದ ಮೇಲೆ ಬೆಳೆಯುವುದೇ ಇಲ್ಲ. ಹಾವಸೆ ಕಟ್ಟಿದ ಮರದ ಕವಲಿನಲ್ಲೋ ಬಂಡೆಯ ಬಿರುಕಿನಲ್ಲೋ ಬೇರೂರಿರುತ್ತದೆ. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ನಮ್ಮ ಸೀತಾಳೆ ದಂಡೆಯ ಹಾಗೆ ಸುಮ್ಮನೆ ಕುಳಿತಿರುತ್ತದೆ. ಅಲ್ಲಿ ಅದಕ್ಕೆ ಸಿಗುವ ಮಣ್ಣೆಂದರೆ ಕೊಳೆತ ಎಲೆಯ ಒಂದು ಹಿಡಿ, ಮಂಜು, ಹಾಗೂ ಬೇಕಾದಷ್ಟು ಗಾಳಿ. ಬೇರನ್ನು ಬಿಡಿಸಿ ನೋಡಿದರೆ ಕಾಫಿಯ ತಾಯಿಬೇರಿನಂಥದು ಏನೂ ಕಾಣುವುದಿಲ್ಲ. ತಲೆಗೂದಲಿನಷ್ಟು ಸಪೂರವಾದ ಬೇರುಗಳು ಜಾಲದಂತೆ ಹೆಣೆದುಕೊಂಡು ಮೇಲ್ಮೈಯ ಐದಾರು ಅಂಗುಲದಲ್ಲೇ ಇರುತ್ತವೆ. ಇಂಥ ಗಿಡವನ್ನು ಎರಡಡಿ ಗುಂಡಿಗೆ ಇಳಿಸಿ, ಸುತ್ತ ಜೇಡಿ ಮಣ್ಣು ತುಳಿದು ಗಟ್ಟಿಮಾಡಿದರೆ, ಜುಲೈ ಮಳೆಯಲ್ಲಿ ಆ ಗುಂಡಿ ಒಂದು ಬಾನಿಯಾಗುತ್ತದೆ. ಒಳಗಿನ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಎಲೆ ಜೋಲುವುದನ್ನು ಕಂಡು ನೀರು ಸಾಲದೆಂದು ಭಾವಿಸಿ ಇನ್ನೊಂದು ಕೊಡ ಹುಯ್ಯುವವರೂ ಇದ್ದಾರೆ. ನಾವೇ ಹುಯ್ದಿದ್ದೇವೆ.

ಕೊಳೆತ ಬೇರಿನ ಮೇಲೆ ಬೀಳುವ ರೋಗಾಣುವಿನ ಹೆಸರು ಫೈಟಾಫ್ತೊರಾ. ಈ ಹೆಸರು ನಮಗೆಲ್ಲ ಗೊತ್ತಿರುವುದೇ. ಅಡಿಕೆಗೆ ಕೊಳೆರೋಗ ತರುವುದೂ, ಮೆಣಸಿನ ಬಳ್ಳಿಯನ್ನು ವಾರದೊಳಗೆ ಸೊರಗಿಸುವುದೂ ಇದೇ ಕುಲದ ಅಣ್ಣತಮ್ಮಂದಿರು. ಕಾಫಿಯ ಎಲೆ ಕಪ್ಪಾಗಿ ಜೋತುಬೀಳುವ ಕೊಳೆರೋಗ ಮಾತ್ರ ಬೇರೆ ರೋಗಾಣುವಿನದು, ಹೆಸರು ಒಂದೇ ಎಂದು ಬೆರೆಸಿಕೊಳ್ಳಬಾರದು. ರೋಡೋಡೆಂಡ್ರಾನಿನ ಬೇರಿಗೆ ತಗಲುವುದು ಸಿನ್ನಮೋಮಿ ಎಂಬ ಜಾತಿ. ಬೇರು ಒಮ್ಮೆ ಕಂದು ತಿರುಗಿದ ಮೇಲೆ ಔಷಧಿಗೆ ಖರ್ಚು ಮಾಡುವುದು ವ್ಯರ್ಥ. ಗಿಡವನ್ನು ಕಿತ್ತು ಸುಟ್ಟುಬಿಡಿ. ಅದೇ ಜಾಗದಲ್ಲಿ ಮತ್ತೊಂದನ್ನು ನೆಡಕೂಡದು.

ನಮ್ಮ ಮೂರು ಗಿಡಗಳ ಕಥೆ ಇಷ್ಟೆ. ಮೊದಲನೆಯದನ್ನು ಅಂಗಳದ ಗುಂಡಿಯಲ್ಲಿ ನೆಟ್ಟೆವು, ಮೇಲೆ ಹೇಳಿದಂತೆ ಬೇರು ಕೊಳೆತು ಹೋಯಿತು. ಎರಡನೆಯದನ್ನು ತಂಪಾಗಿರಲೆಂದು ಕೆಳಗಿನ ಅಡಿಕೆಯ ಅಂಚಿನಲ್ಲಿಟ್ಟೆವು. ಆ ವರ್ಷ ಅಡಿಕೆಯ ಬುಡಕ್ಕೆ ಸುಣ್ಣ ಎರಚಿದ್ದರು. ಮೇಲಿನಿಂದ ಬೋರ್ಡೊ ಮಿಶ್ರಣದ ಹನಿ ಬೇರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ಆ ಸುಣ್ಣ ಹೋಗುವುದೆಲ್ಲಿಗೆ ಎಂದು ನಾವು ಯೋಚಿಸಿರಲಿಲ್ಲ. ಗಿಡದ ಎಲೆ ಹಳದಿಯಾಯಿತು, ನರ ಮಾತ್ರ ಹಸಿರಾಗಿ ಉಳಿಯಿತು, ಆಮೇಲೆ ಅದೂ ಹೋಯಿತು. ಮೂರನೆಯದನ್ನು ನೆಡಲು ಪುರಸೊತ್ತಾಗದೆ, ಮನೆಯ ಪೂರ್ವಕ್ಕೆ ಬಿದ್ದಿದ್ದ ಕೊಳೆತ ಹಲಸಿನ ದಿಮ್ಮಿಯ ಮೇಲೆ ಹರಿದ ಬುಟ್ಟಿಯಲ್ಲೇ ಇಟ್ಟು ಮರೆತಿದ್ದೆವು. ದೀಪಾವಳಿಗೆ ಅಂಗಳ ಗುಡಿಸುವಾಗ ನೋಡಿದರೆ ಬುಟ್ಟಿಯ ಸೀಳಿನಿಂದ ಬೇರು ಹೊರಟು ದಿಮ್ಮಿಯೊಳಗೆ ಇಳಿದಿತ್ತು, ತುದಿಯಲ್ಲಿ ಹೊಸ ಎಲೆ. ನಮ್ಮ ಮೂರ್ಖತನವನ್ನು ಒಪ್ಪಿಕೊಂಡು ಅದನ್ನು ಅಲ್ಲಿಯೇ ಬಿಟ್ಟೆವು. 2019ರ ಮಾರ್ಚಿಯಲ್ಲಿ ಮೊದಲ ಬಾರಿಗೆ ನಾಲ್ಕು ಗೊಂಚಲು ಹೂ ಬಿಟ್ಟಿತು.

ಆದ್ದರಿಂದ ಕ್ರಮ ಹೀಗೆ. ಗುಂಡಿ ಬೇಡ, ದಿಬ್ಬ ಬೇಕು. ಸ್ವಲ್ಪ ಇಳಿಜಾರಾದ, ಬೆಳಗಿನ ಬಿಸಿಲು ಹತ್ತು ಗಂಟೆಯವರೆಗೆ ಬಿದ್ದು ಆಮೇಲೆ ಅರೆನೆರಳಾಗುವ ಜಾಗ ನೋಡಿ. ಅರಾಬಿಕಾಕ್ಕೆ ಯಾವ ನೆರಳು ಚೆನ್ನವೋ ಇದಕ್ಕೂ ಅದೇ. ಸೂರಿನ ನೀರು ಬೀಳುವ ಜಾಗ ಬೇಡ. ಗಾರೆಯ ಗೋಡೆಗೆ ತಾಗಿಯೂ ಬೇಡ, ಗಾರೆಯಿಂದಲೂ ಸುಣ್ಣ ಇಳಿಯುತ್ತದೆ. ನೆಲದ ಮೇಲೆ ಹಳೆಯ ಮರದ ತುಂಡುಗಳನ್ನು ಅಡ್ಡ ಜೋಡಿಸಿ, ಮೇಲೆ ಅರ್ಧ ಕೊಳೆತ ದರಗು ಎರಡು ಪಾಲು, ತೆಂಗಿನ ಸಿಪ್ಪೆಯ ಚೂರು ಒಂದು ಪಾಲು, ದಪ್ಪ ಮರಳು ಅಥವಾ ಇದ್ದಿಲ ಚೂರು ಒಂದು ಪಾಲು ಬೆರೆಸಿ, ಮೂರಡಿ ಅಗಲ, ಒಂದಡಿ ಎತ್ತರಕ್ಕೆ ರಾಶಿ ಮಾಡಿ. ಸಿಪ್ಪೆಯನ್ನು ಮೊದಲು ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಬೇಕು, ಅದರ ಉಪ್ಪು ಈ ಬೇರಿಗೆ ಆಗದು. ಬುಟ್ಟಿಯ ಮಣ್ಣಿನ ಮೇಲ್ಮೈ ದಿಬ್ಬಕ್ಕಿಂತ ಒಂದು ಅಂಗುಲ ಮೇಲೆಯೇ ಇರುವಂತೆ ಗಿಡ ಕೂರಿಸಿ, ಕೈಯಿಂದ ಒತ್ತಿದರೆ ಸಾಕು, ಕಾಲಿಂದ ತುಳಿಯಕೂಡದು. ಬುಡ ಬಿಟ್ಟು ಸುತ್ತಲೂ ಮೂರಂಗುಲ ದರಗಿನ ಮುಚ್ಚಿಗೆ. ಆಮೇಲೆ ಅಲ್ಲಿಗೆ ಗುದ್ದಲಿ ತರಬೇಡಿ. ಕಾಫಿಗೆ ಅಗತೆ ಮಾಡುವ ಆಳು ಅಭ್ಯಾಸಬಲದಿಂದ ಇದರ ಬುಡಕ್ಕೂ ಒಂದು ಕೊಚ್ಚು ಹಾಕಿದರೆ ಅರ್ಧ ಬೇರು ಹೋದಂತೆ. ಜಾಗವಿಲ್ಲದವರು ತಳದಲ್ಲಿ ದೊಡ್ಡ ತೂತುಗಳಿರುವ ಅಗಲ ಬಾಯಿಯ ಮಣ್ಣಿನ ಕುಂಡದಲ್ಲಿಯೂ ಇದೇ ಮಿಶ್ರಣದಲ್ಲಿ ಬೆಳೆಸಬಹುದು.

ಮಣ್ಣಿನ ರಸಸಾರ ನಾಲ್ಕೂವರೆಯಿಂದ ಐದೂವರೆಯೊಳಗೆ ಇರಬೇಕು. ನಮ್ಮ ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಹಾಕಿ ಹಾಕಿ ಸರಿಪಡಿಸುವ ನಮಗೆ, ಹುಳಿಯನ್ನೇ ಬಯಸುವ ಗಿಡವೊಂದು ಸಿಕ್ಕಿದ್ದು ತಮಾಷೆಯೇ. ಗೊಬ್ಬರದಲ್ಲಿ ಕೈ ಬಿಗಿಹಿಡಿಯಿರಿ. ಹೂ ಮುಗಿದ ಮೇಲೆ ಒಮ್ಮೆ, ಮಳೆ ಹಿಡಿಯುವ ಮುಂಚೆ ಒಮ್ಮೆ, ಒಂದೊಂದು ಚಹಾ ಚಮಚದಷ್ಟು ಅಮೋನಿಯಂ ಸಲ್ಫೇಟನ್ನು ನೀರಿನಲ್ಲಿ ಕರಗಿಸಿ ಹುಯ್ದರೆ ಸಾಕು. ಎಲುಬಿನ ಪುಡಿ, ಬೂದಿ, ಮ್ಯೂರಿಯೇಟ್ ಆಫ್ ಪೊಟ್ಯಾಷ್ ಇವಾವುವೂ ಬೇಡ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೀರು ಬೇಕು. ಹಳ್ಳದ ನೀರು ಅಥವಾ ಹಿಡಿದಿಟ್ಟ ಮಳೆನೀರು ಉತ್ತಮ. ಹಂಡೆಯಲ್ಲಿ ಬಿಳಿ ಪದರ ಕಟ್ಟುವ ಬೋರ್‌ವೆಲ್ ನೀರಾದರೆ ಅದೂ ಸುಣ್ಣವೇ ಎಂದು ತಿಳಿಯಿರಿ.

ರೆಂಬೆ ಸವರುವುದರಲ್ಲಿ ಒಂದು ಎಚ್ಚರಿಕೆ ಬೇಕು. ಕಾಫಿಯಂತೆ ಇದೂ ಹಿಂದಿನ ವರ್ಷ ಬೆಳೆದ ರೆಂಬೆಯಲ್ಲೇ ಹೂ ಬಿಡುತ್ತದೆ. ಹೂ ಉದುರಿದ ಮೇಲೆ ಬರುವ ಚಿಗುರು ಮಳೆಗಾಲದಲ್ಲಿ ಬಲಿತು, ಮಳೆ ಬಿಡುವ ಹೊತ್ತಿಗೆ ತುದಿಯಲ್ಲಿ ದಪ್ಪ ಮೊಗ್ಗು ಕಟ್ಟುತ್ತದೆ. ಹೂ ಮುಗಿದ ತಿಂಗಳೊಳಗೆ ಸವರಿದರೆ ಗಿಡ ಕವಲೊಡೆದು ತುಂಬಿಕೊಳ್ಳುತ್ತದೆ. ಕಾಫಿ ಕುಯಿಲು ಮುಗಿಸಿ ಬಿಡುವಾದಾಗ, ಜನವರಿಯಲ್ಲಿ ಕತ್ತರಿ ಹಿಡಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ಉದ್ದ ರೆಂಬೆಗಳನ್ನು ಗೂಟಕ್ಕೆ ಕಟ್ಟಿ, ಇಲ್ಲವಾದರೆ ಆಷಾಢದ ಗಾಳಿ ಬುಡದಿಂದಲೇ ಅಲುಗಿಸುತ್ತದೆ.

ಸವರಿದ ಸೊಪ್ಪಿನ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ, ಇದನ್ನು ಓದದೆ ಯಾರೂ ಈ ಗಿಡ ತರಬಾರದು. ರೋಡೋಡೆಂಡ್ರಾನಿನ ಎಲೆ, ಹೂವು, ಮಕರಂದದಲ್ಲಿ ಗ್ರಯಾನೊಟಾಕ್ಸಿನ್ ಎಂಬ ವಿಷ ಇರುತ್ತದೆ. ಜಾತಿಯಿಂದ ಜಾತಿಗೆ ಪ್ರಮಾಣ ಬೇರೆ. ಹಿಮಾಲಯದ ಕಡೆ ಮೇವಿಲ್ಲದ ಕಾಲದಲ್ಲಿ ಇದನ್ನು ತಿಂದು ಆಡು ಕುರಿಗಳು ಸಾಯುವುದು ಅಲ್ಲಿನ ದನಗಾಹಿಗಳಿಗೆ ಹಳೆಯ ಸಂಕಟ. ನಮಗೆ ಇದು ತಿಳಿದದ್ದು ಪುಸ್ತಕದಿಂದಲ್ಲ. 2021ರ ಏಪ್ರಿಲಿನಲ್ಲಿ ಸವರಿದ ರೆಂಬೆಗಳನ್ನು ಬೇಲಿಯಾಚೆ ಎಸೆದಿದ್ದೆವು. ಸಂಜೆ ನಮ್ಮ ಕಡಸು ಅದನ್ನು ಮೇದಿತ್ತು. ರಾತ್ರಿ ಎಂಟರ ಹೊತ್ತಿಗೆ ಬಾಯಲ್ಲಿ ನೊರೆ, ಮೆಲುಕು ಹಾಕಿದ ಮೇವೆಲ್ಲ ಹೊರಗೆ, ಹಿಂಗಾಲು ತಡವರಿಸಿ ಬಿದ್ದುಬಿಟ್ಟಿತು. ಮನೆಯಾಕೆ ಹಾವು ಕಚ್ಚಿತೆಂದೇ ಅತ್ತರು. ಬಂದ ಪಶುವೈದ್ಯರು ಮೊದಲು ಕೇಳಿದ್ದು ಏನು ತಿಂದಿತು ಎಂದು. ಬೇಲಿಯಾಚೆಯ ಅರ್ಧ ತಿಂದ ರೆಂಬೆ ತಂದು ತೋರಿಸಿದ ಮೇಲೆ ಚಿಕಿತ್ಸೆಗೆ ದಾರಿಯಾಯಿತು. ಅವರು ಬೆಳಗಿನ ಜಾವದವರೆಗೆ ಕೊಟ್ಟಿಗೆಯಲ್ಲೇ ಕುಳಿತಿದ್ದರು. ಮೂರನೆಯ ದಿನ ಕಡಸು ಎದ್ದು ನಿಂತಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಆದ್ದರಿಂದ ಗಿಡವನ್ನು ದನಕರು, ಆಡು ಬಾಯಿಹಾಕದ ಕಡೆ, ಬೇಲಿಯೊಳಗೆ ನೆಡತಕ್ಕದ್ದು. ಸವರಿದ್ದನ್ನೆಲ್ಲ ಎಣಿಸಿ ತಂದು ಸುಡತಕ್ಕದ್ದು. ಕೊಟ್ಟಿಗೆಗೆ ಸೊಪ್ಪೆಂದು ಹಾಸಕೂಡದು. ದನ ತಿಂದಿತೆಂದು ಅನುಮಾನ ಬಂದರೆ ಎಣ್ಣೆ, ಮಜ್ಜಿಗೆ ಎಂದು ಗೊಟ್ಟದಲ್ಲಿ ಹೊಯ್ಯಲು ಹೋಗದೆ ವೈದ್ಯರನ್ನು ಕರೆಸಿ, ಆ ಎಲೆಯನ್ನು ಅವರಿಗೆ ತೋರಿಸಿ.

ಉತ್ತರಾಖಂಡ, ಹಿಮಾಚಲದ ಕಡೆ ಬುರಾಂಶ್ ಹೂವಿನ ಪಾನಕ ಮಾಡುತ್ತಾರೆ ಎಂದು ಕೇಳಿದವರು ಇದರಲ್ಲೂ ಪ್ರಯತ್ನಿಸಬಾರದು. ಅದು ಕೆಂಪು ಹೂವಿನ ಬೇರೆ ಜಾತಿ. ಜೇನು ಸಾಕುವವರು ಭಯಪಡಬೇಕಾಗಿಲ್ಲ. ನೇಪಾಳದಲ್ಲೂ ತುರ್ಕಿಯ ಕಪ್ಪು ಸಮುದ್ರದ ತೀರದಲ್ಲೂ ತಲೆ ತಿರುಗಿಸುವ ಜೇನು ಆಗುವುದು ಬೆಟ್ಟಕ್ಕೆ ಬೆಟ್ಟವೇ ರೋಡೋಡೆಂಡ್ರಾನ್ ಅರಳಿದಾಗ. ಅಂಗಳದ ಒಂದೆರಡು ಗಿಡದಿಂದ ಅಂಥದ್ದು ಆಗುವುದಿಲ್ಲ.

ಯಾರು ಬೆಳೆಸಬಹುದು ಎಂಬುದರಲ್ಲಿ ನಮ್ಮ ಅಭಿಪ್ರಾಯ ಕಟ್ಟುನಿಟ್ಟು. ನಮ್ಮ ಮನೆ 3,200 ಅಡಿ ಎತ್ತರದಲ್ಲಿದೆ, ಇಲ್ಲಿಯೇ ಏಪ್ರಿಲಿನ ಸೆಕೆಗೆ ಗಿಡ ಸಪ್ಪೆಯಾಗುತ್ತದೆ. 3,000 ಅಡಿಗಿಂತ ಕೆಳಗಿರುವ ಅಡಿಕೆ ಬೆಳೆಗಾರ ಬಂಧುಗಳು, ಅದರಲ್ಲೂ ಘಟ್ಟದ ಕೆಳಗಿನವರು, ಇದಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು. ಬೇಸಿಗೆಯ ರಾತ್ರಿಯೂ ತಣಿಯದ ಕಡೆ ಇದು ಉಳಿದರೂ ಕೊರಗುತ್ತದೆ. ಅವರಿಗೆ ಸುರಗಿ ಇದೆ, ರಂಜ ಇದೆ, ಸಂಪಿಗೆ ಇದೆ. ಇವುಗಳ ಮುಂದೆ ಯಾವ ಹಿಮಾಲಯದ ಹೂವೂ ಮೇಲಲ್ಲ ಎಂದು ನಮ್ಮ ಮನೆಯಾಕೆಯ ವಾದ, ನಾವು ಎದುರಾಡುವುದಿಲ್ಲ.

ಎತ್ತರದವರು ಕೊಳ್ಳುವುದಾದರೆ ನರ್ಸರಿಯಲ್ಲಿ ಕಡ್ಡಿಯಿಂದ ಬೆಳೆಸಿದ ಗಿಡವನ್ನೇ ಕೇಳಿ. ಬೇರು ಹರಿದ, ಕಾಂಡಕ್ಕೆ ಹಾವಸೆ ಅಂಟಿದ, ಬುಟ್ಟಿಯಲ್ಲಿ ಅಲುಗಾಡುವ ಗಿಡ ಕಾಡಿನಿಂದ ಕಿತ್ತು ತಂದದ್ದಿರಬಹುದು; ಅದು ಬದುಕುವುದೂ ಕಡಿಮೆ. ಸಿಕ್ಕಿಂನಲ್ಲಿ ಬರ್ಸೆ, ಸಿಂಗ್ಬಾ ಎಂಬ ಎರಡು ಅಭಯಾರಣ್ಯಗಳನ್ನೇ ರೋಡೋಡೆಂಡ್ರಾನಿಗಾಗಿ ಮೀಸಲಿಟ್ಟಿದ್ದಾರೆ. ಕಾಡಿನ ಗಿಡವನ್ನು ಕೀಳಿಸಲು ನಮ್ಮ ಹಣ ಹೋಗಬಾರದು.

ಕಡ್ಡಿಯಿಂದ ಗಿಡ ಮಾಡುವುದು ಕಷ್ಟವಲ್ಲ, ಮೆಣಸಿನ ಬಳ್ಳಿ ಮಾಡಿದವರಿಗೆ ಬಂದೀತು. ಜೂನ್, ಜುಲೈನಲ್ಲಿ ಆ ವರ್ಷದ ಚಿಗುರು ಅರೆ ಬಲಿತಾಗ ನಾಲ್ಕು ಅಂಗುಲದ ಕಡ್ಡಿ ತೆಗೆದು, ಮೂರು ಎಲೆ ಉಳಿಸಿ, ಉಳಿದ ಎಲೆಗಳನ್ನೂ ಅರ್ಧ ಕತ್ತರಿಸಿ, ತೊಳೆದ ಮರಳು ಮತ್ತು ತೆಂಗಿನ ನಾರಿನ ಪುಡಿಯ ಸಮಪಾಲಿನಲ್ಲಿ ಊರಿ, ಪಾಲಿಥಿನ್ ಹೊದಿಸಿ ನೆರಳಿನಲ್ಲಿಡಬೇಕು. ಬೇರು ಬರಲು ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ನಾವು ಕಳೆದ ಮಳೆಗಾಲದಲ್ಲಿ ಊರಿದ ಇಪ್ಪತ್ತರಲ್ಲಿ ಹನ್ನೊಂದು ಬೇರು ಬಿಟ್ಟಿವೆ. ಎರಡು ಗಿಡ ಆ ಊಟದ ಪಂಕ್ತಿಯ ಸದಸ್ಯರಿಗೆ. ಉಳಿದ ಒಂಬತ್ತನ್ನು, 3,000 ಅಡಿಗಿಂತ ಮೇಲೆ ಮನೆ ಇರುವ ಸದಸ್ಯರಿಗೆ ಮನೆಗೊಂದರಂತೆ ಕೊಡುತ್ತೇವೆ, ಹಣ ಬೇಡ. ಸಂಘದ ಗೊಬ್ಬರದ ಮಳಿಗೆಯಲ್ಲಿ ಹೆಸರು ಬರೆಸಿ, ಮೇ ತಿಂಗಳ ಕೊನೆಯ ಸಂತೆಯ ದಿನ ಬಂದು ಒಯ್ಯಬಹುದು. ದಿಬ್ಬ ಮಾಡಿಟ್ಟು ಬನ್ನಿ.